ಉಳಿ-ಸುತ್ತಿಗೆಯ ವಿರುದ್ಧ ಒಂದು ತಕರಾರು

ಕಳೆದ ತಿಂಗಳು ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಮಾತು ನನ್ನ ಹಳೆಯ ಯೆಜ್ಡಿ ರೋಡ್‌ಕಿಂಗಿನ ಕಡೆಗೆ ತಿರುಗಿತು. ಸೈಲೆನ್ಸರಿನ ಕೊಳವೆಯನ್ನು ಸಿಲಿಂಡರಿಗೆ ಬಿಗಿದು ಹಿಡಿಯುವ ದೊಡ್ಡ ಬಳೆಯಾಕಾರದ ನಟ್ಟು ಕಚ್ಚಿಕೊಂಡುಬಿಟ್ಟಿದೆ, ಏನು ಮಾಡಿದರೂ ಬರುತ್ತಿಲ್ಲ ಎಂದು ನಾನು ಹೇಳಿಕೊಂಡೆ. ನನ್ನ ಸೋದರಳಿಯ ನಕ್ಕುಬಿಟ್ಟ. "ಅದಕ್ಯಾಕೆ ಮಾವ ಇಷ್ಟು ಯೋಚನೆ? ಉಳಿ ಇಟ್ಟು ನಾಲ್ಕು ಏಟು ಹಾಕಿಸಿ. ಬರಲಿಲ್ಲ ಅಂದ್ರೆ ಗ್ರೈಂಡರಿನಲ್ಲಿ ಕತ್ತರಿಸಿ ಬಿಸಾಕಿ" ಎಂದ. ಸುತ್ತ ಕುಳಿತಿದ್ದವರೆಲ್ಲ ತಲೆದೂಗಿದರು. ಅವರಲ್ಲಿ ಇಬ್ಬರು ನನ್ನದೇ ಹಳೆಯ ವಿದ್ಯಾರ್ಥಿಗಳು, ಒಬ್ಬ ಇಂಜಿನಿಯರ್ ಬೇರೆ. ಶುಭಕಾರ್ಯದ ಮನೆಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಅಂದು ನುಂಗಿಕೊಂಡ ಮಾತನ್ನು ಇಂದು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ. ಬೋಲ್ಟು ಮೊಂಡಲ್ಲ. ನಿರ್ಜೀವ ವಸ್ತುವಿಗೆ ಹಟವಿಲ್ಲ. ಅದು ಬಿಚ್ಚಲು ಬಾರದಿದ್ದರೆ ಅದಕ್ಕೆ ಒಂದು ಭೌತಿಕ ಕಾರಣವಿರುತ್ತದೆ, ಆ ಕಾರಣಕ್ಕೆ ತಕ್ಕ ಪರಿಹಾರವೂ ಇರುತ್ತದೆ. ಕಾರಣವನ್ನು ಹುಡುಕದೆ ಮೊದಲ ಹೆಜ್ಜೆಯಲ್ಲಿಯೇ ಉಳಿಯನ್ನು ಕೈಗೆತ್ತಿಕೊಳ್ಳುವುದು ಕೆಲಸಗಾರಿಕೆಯಲ್ಲ, ಅದು ಆತುರ. ಆ ಆತುರದ ಹೊಣೆಯನ್ನು ನಾವು ಮೆಕ್ಯಾನಿಕ್ ಹುಡುಗರ ತಲೆಗೆ ಕಟ್ಟುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಗಾಡಿಯ ಮಾಲೀಕರಾದ ನಮ್ಮದು. ಇನ್ನೊಂದು ಪಾಲು, ನೋವಿನಿಂದಲೇ ಹೇಳುತ್ತೇನೆ, ಮೇಷ್ಟರುಗಳಾದ ನಮ್ಮದು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ ಎಂಬುದಕ್ಕೆ ನನ್ನ ಮನೆಯದೇ ಉದಾಹರಣೆ ಕೊಡುತ್ತೇನೆ. 2004ರ ಜುಲೈ ತಿಂಗಳು. ಮಗಳು ಎಸ್‌ಎಸ್‌ಎಲ್‌ಸಿಯಲ್ಲಿದ್ದಳು. ಮಳೆಗಾಲದ ಒಂದು ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟಿದ್ದೆ. ತಿರುವಿನಲ್ಲಿ ದನವೊಂದು ಅಡ್ಡ ಬಂತು. ಬ್ರೇಕ್ ಒತ್ತಿದಾಗ ಮೈಭಾರವೆಲ್ಲ ಕೈಗಳ ಮೇಲೆ ಬಿತ್ತು; ಹ್ಯಾಂಡಲ್ ತನ್ನ ಕ್ಲಾಂಪಿನೊಳಗೇ ಹೊರಳಿ ಮುಂದಕ್ಕೆ ಬಾಗಿತು. ಇಬ್ಬರೂ ರಸ್ತೆಗೆ ಬಿದ್ದೆವು. ನನಗೆ ಮೊಣಕಾಲು ತರಚಿತು. ಮಗಳ ಬಲಗೈ ಮುರಿಯಿತು. ಒಂದೂವರೆ ತಿಂಗಳು ಪ್ಲಾಸ್ಟರ್ ಹಾಕಿಕೊಂಡು ಅವಳು ಎಡಗೈಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದುದನ್ನು ನೋಡಿದವರು ಈ ಓದುಗರಲ್ಲಿಯೂ ಇದ್ದೀರಿ.

ಗಾಡಿ ಜಾರಿತು ಎಂದು ಅಂದು ಎಲ್ಲರಿಗೂ ಹೇಳಿದೆ. ಅದು ಪೂರ್ತಿ ಸತ್ಯವಲ್ಲ. ಹ್ಯಾಂಡಲ್ ಕ್ಲಾಂಪಿನ ಬೋಲ್ಟಿನ ತಲೆ ಅದಕ್ಕೆ ಮೊದಲೇ ದುಂಡಾಗಿಹೋಗಿತ್ತು. ದುಂಡು ಮಾಡಿದವನು ಯಾವ ಮೆಕ್ಯಾನಿಕ್ಕೂ ಅಲ್ಲ, ನಾನೇ. ಸರಿಯಾದ ಸ್ಪ್ಯಾನರು ಹುಡುಕುವ ತಾಳ್ಮೆಯಿಲ್ಲದೆ ಕೈಗೆ ಸಿಕ್ಕಿದ ಸ್ಕ್ರೂ ಸ್ಪ್ಯಾನರಿನಿಂದ ತಿರುಗಿಸಿ ಅದರ ಮೂಲೆಗಳನ್ನು ಸವೆಸಿದ್ದೆ. ಮೂಲೆ ಹೋದ ಬೋಲ್ಟು ಬಿಚ್ಚಲು ಬರುವುದಿಲ್ಲ ಎಂದಷ್ಟೇ ನಾವು ಗೊಣಗುತ್ತೇವೆ. ಅದನ್ನು ಬಿಗಿ ಮಾಡಲೂ ಬರುವುದಿಲ್ಲ ಎಂಬುದನ್ನು ಮರೆಯುತ್ತೇವೆ. ಸಡಿಲವಾಗಿದೆಯೆಂದು ಗೊತ್ತಿದ್ದೂ, ಸ್ಪ್ಯಾನರು ಹಿಡಿಯುವುದಿಲ್ಲವೆಂದು ಹಾಗೆಯೇ ಬಿಟ್ಟಿದ್ದೆ. ಇಪ್ಪತ್ತು ವರ್ಷಗಳ ಮೇಲೆ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ.

ಹಾಗಾದರೆ ಬೋಲ್ಟಿನ ಮೂಲೆ ಹೇಗೆ ಹೋಗುತ್ತದೆ? ತಲೆ ಷಟ್ಕೋನಾಕೃತಿಯದು. ಸರಿಯಾದ ಅಳತೆಯ ಸ್ಪ್ಯಾನರು ಅದರ ಪಕ್ಕಗಳನ್ನು ಅಪ್ಪಿ ಹಿಡಿಯುತ್ತದೆ. ಕೂದಲೆಳೆಯಷ್ಟು ದೊಡ್ಡದಾದರೂ ಸ್ಪ್ಯಾನರು ಸ್ವಲ್ಪ ತಿರುಗಿ, ಭಾರವೆಲ್ಲ ಮೂಲೆಯ ತುದಿಗೆ ಬೀಳುತ್ತದೆ. ಅಷ್ಟು ಸಣ್ಣ ಜಾಗ ಅಷ್ಟು ಬಲವನ್ನು ತಾಳಲಾರದು, ಮೂಲೆ ಮಡಚಿಕೊಳ್ಳುತ್ತದೆ. ಮದ್ರಾಸಿನ ಹಳೆಯ ಬುಲೆಟ್‌ಗಳನ್ನು ನೋಡಿ. ಅವುಗಳಲ್ಲಿ ಬ್ರಿಟಿಷ್ ಅಳತೆಯ ನಟ್ಟುಗಳಿದ್ದವು. ಕಾಲು ಇಂಚು ವಿಟ್‌ವರ್ತ್ ಎಂದು ಗುರುತಿಸಿದ ಸ್ಪ್ಯಾನರಿನ ಬಾಯಿ ಕಾಲು ಇಂಚಲ್ಲ. ಆ ಅಂಕಿ ಬೋಲ್ಟಿನ ದಪ್ಪಕ್ಕೆ ಸಂಬಂಧಿಸಿದ್ದು. ಬಾಯಿಯ ಅಗಲ 0.525 ಇಂಚು, ಎಂದರೆ ಸುಮಾರು 13.3 ಮಿಲಿಮೀಟರ್. ನಮ್ಮ ಪೆಟ್ಟಿಗೆಯಲ್ಲಿರುವುದು 13 ಮತ್ತು 14. ಹದಿಮೂರು ಕೂರುವುದಿಲ್ಲ, ಹದಿನಾಲ್ಕು ಕೂರುತ್ತದೆ. ಕೂರುತ್ತದೆ ಎಂಬ ಕಾರಣಕ್ಕೇ ನಾವು ಹದಿನಾಲ್ಕನ್ನು ಹಾಕಿ ತಿರುಗಿಸುತ್ತೇವೆ, ಮೂಲೆಯನ್ನು ಕಳೆಯುತ್ತೇವೆ, ಅನಂತರ ಕಂಪನಿಯ ಕಬ್ಬಿಣ ಸರಿಯಿಲ್ಲವೆಂದು ದೂರುತ್ತೇವೆ.

ಜಪಾನೀ ವಿನ್ಯಾಸದ ಗಾಡಿಗಳದು ಇನ್ನೊಂದು ಕಥೆ. 1985ರಿಂದ 1996ರವರೆಗೆ ನಮ್ಮಲ್ಲಿ ತಯಾರಾದ ಆರ್‌ಎಕ್ಸ್ 100 ಇಂದಿಗೂ ಹಲವರ ಮನೆಯಲ್ಲಿದೆ. ಅದರ ಎಂಜಿನ್ ಕವರಿನಲ್ಲಿ ಪ್ಲಸ್ ಗುರುತಿನ ಸ್ಕ್ರೂಗಳಿವೆ. ಎಲ್ಲ ಪ್ಲಸ್ಸೂ ಒಂದೇ ಎಂದು ನಾವು ಭಾವಿಸುತ್ತೇವೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಫಿಲಿಪ್ಸ್ ತುದಿ. ಆ ಸ್ಕ್ರೂಗಳಾದರೋ ಜಪಾನೀ ಮಾನಕದವು. ಎರಡರ ಆಕಾರದಲ್ಲಿ ಸಣ್ಣ ವ್ಯತ್ಯಾಸವಿದೆ. ಫಿಲಿಪ್ಸ್ ತುದಿ ಆ ಗುಂಡಿಯ ತಳದವರೆಗೆ ಸರಿಯಾಗಿ ಕೂರುವುದಿಲ್ಲ. ಬಲ ಹಾಕಿದಂತೆ ಮೇಲಕ್ಕೆ ಜಾರಿ, ಪ್ಲಸ್ಸನ್ನು ಬಾವಿ ಮಾಡಿಬಿಡುತ್ತದೆ. ಹೀಗೆ ಹಾಳಾದ ಸ್ಕ್ರೂವಿಗೆ ಉಳಿ ಹಿಡಿದು ಬಡಿಯುವುದು ನಮ್ಮ ಊರುಗಳಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಯಾವ ಹಳೆಯ ಗಾಡಿಯ ಬಲಗಡೆಯ ಕವರನ್ನಾದರೂ ಬಗ್ಗಿ ನೋಡಿ, ಉಳಿಯ ಗಾಯಗಳನ್ನು ಎಣಿಸಬಹುದು.

ಇನ್ನು ಬೋಲ್ಟು ಕಚ್ಚಿಕೊಳ್ಳುವುದೇಕೆ? ಕಬ್ಬಿಣ ತುಕ್ಕಾದಾಗ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗವೆಲ್ಲಿದೆ? ಆದ್ದರಿಂದ ತುಕ್ಕು ಬೆಣೆ ಹೊಡೆದಂತೆ ಎರಡೂ ಕಡೆ ಒತ್ತಿ ಕೂರುತ್ತದೆ. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂ ಎಂಜಿನ್ನಿನಲ್ಲಿದ್ದರೆ ಮತ್ತೊಂದು ತೊಂದರೆ. ಎರಡು ಬೇರೆ ಲೋಹಗಳು, ನಡುವೆ ಮಳೆಯ ತೇವ: ಹತ್ತನೆಯ ತರಗತಿಯ ವಿದ್ಯುತ್ಕೋಶವೇ ಅಲ್ಲಿ ಸಿದ್ಧವಾಗುತ್ತದೆ. ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗಿ ಥ್ರೆಡ್ಡನ್ನು ತುಂಬಿಕೊಳ್ಳುತ್ತದೆ. ಮಲೆನಾಡಿನಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ನೆಂದ ಗಾಡಿಗೆ ಇದು ಬಾರದಿದ್ದರೇ ಆಶ್ಚರ್ಯ. ನನ್ನ ಯೆಜ್ಡಿಯ ಬಳೆನಟ್ಟಿಗೆ ಇವುಗಳ ಜೊತೆ ಸೈಲೆನ್ಸರಿನ ಶಾಖ ಮತ್ತು ಎರಡು ಸ್ಟ್ರೋಕ್ ಎಂಜಿನ್ನಿನ ಸುಟ್ಟ ಎಣ್ಣೆಯ ಮಸಿ ಸೇರಿದ್ದವು. ಇಷ್ಟು ಕಾರಣಗಳಿರುವಾಗ ಉಳಿಯ ಏಟು ಇವುಗಳಲ್ಲಿ ಯಾವುದಕ್ಕೆ ಮದ್ದು? ಯಾವುದಕ್ಕೂ ಅಲ್ಲ.

ಮದ್ದು ಬೇರೆಯೇ ಇದೆ, ಅದಕ್ಕೊಂದು ಕ್ರಮವೂ ಇದೆ. ಮೊದಲು ತಂತಿಯ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ಡನ್ನು ಶುದ್ಧಗೊಳಿಸಬೇಕು. ಅನಂತರ ಸಂದಿಗೆ ಇಳಿಯುವ ತೆಳುವಾದ ಎಣ್ಣೆಯನ್ನು ಬಿಟ್ಟು ಕಾಯಬೇಕು. ಐದು ನಿಮಿಷವಲ್ಲ, ಒಂದು ರಾತ್ರಿ, ಬೇಕಾದರೆ ಮೂರು ರಾತ್ರಿ. ಎಲ್ಲರೂ ಹೆಸರು ಹೇಳುವ ಡಬ್ಲ್ಯುಡಿ-40 ಅಮೆರಿಕದಲ್ಲಿ 1953ರಲ್ಲಿ ಮೂಲತಃ ಲೋಹದ ಮೇಲಿನ ತೇವವನ್ನು ಹೊರದೂಡಲು ರೂಪಿಸಿದ ದ್ರವ. ಅದು ಉಪಯುಕ್ತವೇ, ಆದರೆ ಒಮ್ಮೆ ಸಿಂಪಡಿಸಿದ ಮಾತ್ರಕ್ಕೆ ಪವಾಡ ನಡೆಯದು. ನಡುನಡುವೆ ಬೋಲ್ಟಿನ ತಲೆಗೆ ನೇರವಾಗಿ ಸಣ್ಣ ಸುತ್ತಿಗೆಯಿಂದ ಹಗುರಾಗಿ ತಟ್ಟಬೇಕು. ಆ ಕಂಪನಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಸುತ್ತಿಗೆಯನ್ನು ನಾನು ವಿರೋಧಿಸುತ್ತಿಲ್ಲ ಎಂಬುದನ್ನು ಗಮನಿಸಬೇಕು. ತಟ್ಟುವುದಕ್ಕೂ ಬಡಿಯುವುದಕ್ಕೂ ವ್ಯತ್ಯಾಸವಿದೆ.

ಆಮೇಲೆ, ಆರು ಮೂಲೆಯ ಸಾಕೆಟ್ ಹಾಕಿ ತಿರುಗಿಸಬೇಕು. ಹನ್ನೆರಡು ಮೂಲೆಯದು ಕೂರಿಸಲು ಸುಲಭ, ಆದರೆ ಸವೆದ ತಲೆಯ ಮೇಲೆ ಬೇಗ ಜಾರುತ್ತದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಅನಂತರ ಸಡಿಲಿಸಿ. ಹೀಗೆ ಹಿಂದೆಮುಂದೆ ಆಡಿಸುತ್ತ ಬರಬೇಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸುವ ಶೂರರಿಗೆ ಒಂದು ಲೆಕ್ಕ ಹೇಳುತ್ತೇನೆ. ಆರು ಮಿಲಿಮೀಟರಿನ ಸಾಮಾನ್ಯ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು ಏಳು ಕಿಲೋ ಭಾರ ಹಾಕಿದರೆ ಅಷ್ಟಾಯಿತು. ಅದೇ ಕೈಬಲದಿಂದ 60 ಸೆಂಟಿಮೀಟರ್ ಪೈಪನ್ನು ಎಳೆದರೆ ತಿರುಚುಬಲ ನಾಲ್ಕು ಪಟ್ಟಾಗುತ್ತದೆ. ಆಗ ಬೋಲ್ಟು ತಿರುಗುವುದಿಲ್ಲ, ಕತ್ತರಿಸಿಹೋಗುತ್ತದೆ. ಸನ್ನೆಕೋಲಿನ ನಿಯಮವನ್ನು ನಿಮಗೆ ಬೋಧಿಸಿದವನು ನಾನೇ. ಮರೆತಿದ್ದರೆ ಇಂದಾದರೂ ನೆನಪಿಸಿಕೊಳ್ಳಿ.

ಇದಕ್ಕೂ ಬಗ್ಗದಿದ್ದರೆ ಶಾಖ. ನೂರು ಡಿಗ್ರಿ ಬಿಸಿಯೇರಿಸಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು, ಸುಮಾರು 1.2. ಎಂಟು ಮಿಲಿಮೀಟರಿನ ತೂತಿನಲ್ಲಿ ಈ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ಮಾತ್ರ. ತುಕ್ಕಿನ ಹಿಡಿತ ಸಡಿಲಲು ಬಹುಮಟ್ಟಿಗೆ ಅಷ್ಟು ಸಾಕು. ಬಿಸಿ ಮಾಡುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರವಿಡಬೇಕು, ಸುರಿದ ಎಣ್ಣೆಯನ್ನು ಒರೆಸಬೇಕು. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ನೇರವಾಗಿ ಕುಸಿಯುತ್ತದೆ. ಆದ್ದರಿಂದ ಉರಿಯನ್ನು ಒಂದೇ ಕಡೆ ನಿಲ್ಲಿಸಬಾರದು. ಪ್ಲಸ್ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್ ಎಂಬ ಉಪಕರಣವಿದೆ. ಅದರ ಹಿಂಬದಿಗೆ ಸುತ್ತಿಗೆಯಿಂದ ಹೊಡೆದರೆ ಏಟೇ ತಿರುಚುವಿಕೆಯಾಗಿ ಬದಲಾಗುತ್ತದೆ. ಅದೇ ಏಟು ತುದಿಯನ್ನು ಸ್ಕ್ರೂವಿನೊಳಕ್ಕೆ ಒತ್ತಿಯೂ ಹಿಡಿಯುತ್ತದೆ. ತಲೆ ಪೂರ್ತಿ ದುಂಡಾಗಿದ್ದರೆ ಅರದಿಂದ ಉಜ್ಜಿ ಒಂದಳತೆ ಕಡಿಮೆಯ ಸ್ಪ್ಯಾನರಿಗೆ ಹೊಂದಿಸಬಹುದು. ತಲೆ ಮುರಿದೇಹೋಗಿದ್ದರೆ ಉಳಿದ ತುಂಡಿನ ಮೇಲೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡಿಸಬಹುದು. ಹಿಡಿಯಲು ತಲೆಯೂ ಬಂತು, ವೆಲ್ಡಿಂಗಿನ ಶಾಖವೂ ಸಿಕ್ಕಿತು. ತೂತು ಕೊರೆದು ಎಕ್ಸ್‌ಟ್ರಾಕ್ಟರ್ ಹಾಕುವುದು ಕೊನೆಯ ಮಾತು. ಏಕೆಂದರೆ ಅದು ಗಟ್ಟಿ ಉಕ್ಕಿನದು; ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಮುಟ್ಟಲಾರದು.

ಉಳಿಗೆ ಜಾಗವೇ ಇಲ್ಲವೇ? ಇದೆ. ಇಷ್ಟೆಲ್ಲ ಆದ ಮೇಲೆ, ಹೇಗೂ ಎಸೆಯಲಿರುವ ನಟ್ಟನ್ನು ಸೀಳಲು, ಸುತ್ತಲಿನ ಲೋಹಕ್ಕೆ ಪೆಟ್ಟಾಗದಂತೆ ಬಲ್ಲವನು ಉಳಿ ಬಳಸಿದರೆ ನಾನು ಬೇಡವೆನ್ನುವುದಿಲ್ಲ. ಉಳಿಯಿಂದ ಎಷ್ಟೋ ಬೋಲ್ಟುಗಳು ಬಂದಿವೆ ಎಂಬ ಅಳಿಯನ ಮಾತೂ ಸುಳ್ಳಲ್ಲ. ಆದರೆ ಬಂದ ಬೋಲ್ಟುಗಳನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಸೀಳಿದ ಕವರು, ಮುರಿದ ಫಿನ್ನು, ಹೋದ ಥ್ರೆಡ್ಡು, ಇವುಗಳನ್ನು ಗಾಡಿ ಹಳೆಯದಾಯಿತು ಎಂಬ ಖಾತೆಗೆ ಬರೆಯುತ್ತೇವೆ.

ಇನ್ನು ಎರಡನೆಯ ಆಕ್ಷೇಪ: ಸಮಯಕ್ಕೆ ಬೆಲೆಯಿಲ್ಲವೇ, ಮೆಕ್ಯಾನಿಕ್ ಮೂರು ದಿನ ಒಂದು ನಟ್ಟಿನ ಮುಂದೆ ಕೂರಲಾಗುತ್ತದೆಯೇ? ಕೂರಬೇಕಾಗಿಲ್ಲ. ಎಣ್ಣೆ ಬಿಡಲು ಎರಡು ನಿಮಿಷ ಸಾಕು. ಮಿಕ್ಕ ಹೊತ್ತು ಕೆಲಸ ಮಾಡುವುದು ಎಣ್ಣೆ, ಮನುಷ್ಯನಲ್ಲ. ತೊಂದರೆ ಇರುವುದು ನಮ್ಮ ಬಾಯಿಯಲ್ಲಿ. ಬೆಳಿಗ್ಗೆ ಗಾಡಿ ಬಿಟ್ಟು "ಸಂಜೆ ಆರಕ್ಕೆ ಬೇಕೇ ಬೇಕು" ಎನ್ನುತ್ತೇವೆ. ಮೂರು ದಿನ ಬಿಡಿ ಎಂದವನನ್ನು ಕೆಲಸ ಬಾರದವನೆಂದು ತೀರ್ಮಾನಿಸಿ ಪಕ್ಕದ ಅಂಗಡಿಗೆ ಹೋಗುತ್ತೇವೆ. ಬಿಲ್ಲಿನಲ್ಲಿ ಹೊಸ ಬೋಲ್ಟಿನ ಬೆಲೆಯನ್ನು ಕೊಡುತ್ತೇವೆ. ಹಳೆಯದನ್ನು ಹಾಳಾಗದಂತೆ ಬಿಚ್ಚಿದ ಕೂಲಿಯನ್ನು ಕೊಡಲು ಚೌಕಾಸಿ ಮಾಡುತ್ತೇವೆ. ಹೀಗಿರುವಾಗ ಹುಡುಗ ಉಳಿ ಹಿಡಿಯದೆ ಇನ್ನೇನು ಹಿಡಿದಾನು? ಆ ಉಳಿಯನ್ನು ಅವನ ಕೈಗೆ ಕೊಟ್ಟವರು ನಾವು.

ಮೂರನೆಯ ಆಕ್ಷೇಪವನ್ನು ಆ ಇಂಜಿನಿಯರ್ ಶಿಷ್ಯ ಎತ್ತಿದ: "ಸರ್, ಹೊಸ ಯೆಜ್ಡಿ ಬಂದಿದೆಯಲ್ಲ, ಇದನ್ನು ಗುಜರಿಗೆ ಹಾಕಿ." ಬಂದಿದೆ, ನಿಜ. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮರಳಿ ಬಂದವು. ಅವು ನಾಲ್ಕು ಸ್ಟ್ರೋಕಿನ, ದ್ರವದಿಂದ ತಂಪಾಗುವ ಎಂಜಿನ್ನಿನ ಬೇರೆಯೇ ಗಾಡಿಗಳು. ಅವುಗಳ ಭಾಗ ನನ್ನದಕ್ಕೆ ಹೊಂದುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದಿನಿಂದ ಅಲ್ಲಿ ಎರಕಗೊಂಡ ಪ್ರತಿಯೊಂದು ಸಿಲಿಂಡರೂ, ಪ್ರತಿಯೊಂದು ಕವರೂ ಎಣಿಕೆಯ ವಸ್ತು. ಹತ್ತು ರೂಪಾಯಿಯ ಸ್ಕ್ರೂವಿಗೆ ಹೊಡೆದ ಉಳಿ ಜಾರಿದರೆ ಹೋಗುವುದು ಸ್ಕ್ರೂ ಅಲ್ಲ, ಮತ್ತೆ ಯಾರೂ ತಯಾರಿಸಲಾರದ ಕವರು. ನನ್ನಂಥ ನಿವೃತ್ತನ ಗಾಡಿಯ ಮಾತು ಹಾಗಿರಲಿ. ಇಂಥ ಹಳೆಯ ಗಾಡಿಯಲ್ಲೇ ಹಾಲು, ತರಕಾರಿ ಸಾಗಿಸಿ ಸಂಸಾರ ನಡೆಸುವವರಿಗೆ ಗುಜರಿ ಎಂಬ ಸಲಹೆ ಎಷ್ಟು ಸುಲಭದ್ದು ಯೋಚಿಸಿ.

ಕೊನೆಯದಾಗಿ ಮೇಷ್ಟರ ಪಾಲಿನ ತಪ್ಪು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಗುಂಡು ಮತ್ತು ಬಳೆಯ ಪ್ರಯೋಗವನ್ನು ತೋರಿಸಿದೆ. ತಣ್ಣಗಿದ್ದಾಗ ಬಳೆಯೊಳಗೆ ತೂರುವ ಗುಂಡು ಕಾಯಿಸಿದಾಗ ತೂರುವುದಿಲ್ಲ; ಬಳೆಯನ್ನೂ ಕಾಯಿಸಿದರೆ ಮತ್ತೆ ತೂರುತ್ತದೆ. ಅದನ್ನು ರೂಪಿಸಿದವನು ಡಚ್ ವಿಜ್ಞಾನಿ ಗ್ರಾವೆಸಾಂಡೆ ಎಂದು ಬರೆಸಿದೆ, ಅಂಕ ಕೊಟ್ಟೆ. ಅದೇ ಶಾಲೆಯ ಬೇಲಿಯಾಚೆ ಕಮ್ಮಾರನ ಕುಲುಮೆಯಿತ್ತು. ಬೇಸಿಗೆಯಲ್ಲಿ ಅವನು ಗಾಡಿಯ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ನೀರು ಸುರಿದು ಕುಗ್ಗಿಸುತ್ತಿದ್ದ. ಮಕ್ಕಳನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ಯಲಿಲ್ಲ. ನನ್ನದೇ ಗಾಡಿಯ ನಟ್ಟು ಕಚ್ಚಿಕೊಂಡಾಗ ನನಗೂ ಗ್ರಾವೆಸಾಂಡೆ ನೆನಪಾಗಲಿಲ್ಲ. ವಿಜ್ಞಾನವನ್ನು ಉತ್ತರಪತ್ರಿಕೆಗೆ, ಸ್ಪ್ಯಾನರನ್ನು ಓದಲು ಬಾರದವರಿಗೆ ಎಂದು ಹಂಚಿಬಿಟ್ಟವರು ನಾವು.

ಹಂಚಿದ್ದು ಮಾತ್ರವಲ್ಲ, ಅದನ್ನು ಬೈಗುಳವನ್ನಾಗಿಯೂ ಮಾಡಿದೆವು. ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಇಡೀ ಕ್ಲಾಸಿನ ಎದುರು "ನೀನು ಸ್ಪ್ಯಾನರ್ ಹಿಡಿಯೋದಕ್ಕೇ ಲಾಯಕ್ಕು" ಎಂದಿದ್ದೆ. ಅವನು ಎಸ್‌ಎಸ್‌ಎಲ್‌ಸಿ ದಾಟಲಿಲ್ಲ. ಇಂದು ಪೇಟೆಯ ಹೊರಗೆ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಹೆಸರು ಬರೆಯಬೇಡಿ ಎಂದಿದ್ದರಿಂದ ಬರೆಯುವುದಿಲ್ಲ. ಗೃಹಪ್ರವೇಶದ ಮರುವಾರ ಗಾಡಿಯನ್ನು ಅವನಲ್ಲಿಗೆ ತಳ್ಳಿಕೊಂಡು ಹೋದೆ. ನಟ್ಟನ್ನು ನೋಡಿ, "ಮೇಷ್ಟ್ರೇ, ಮೂರು ದಿನ ಬಿಟ್ಟು ಹೋಗಿ. ಅರ್ಜೆಂಟ್ ಇದ್ರೆ ಬೇರೆ ಕಡೆ ಹೋಗಿ" ಎಂದ. ಬಿಟ್ಟುಬಂದೆ. ಎರಡು ರಾತ್ರಿ ಎಣ್ಣೆ ಬಿಟ್ಟ. ಮೂರನೆಯ ದಿನ ನನ್ನ ಎದುರಿನಲ್ಲಿಯೇ ಟ್ಯಾಂಕ್ ಇಳಿಸಿ, ನಟ್ಟಿನ ಸುತ್ತ ಮಾತ್ರ ಉರಿಯನ್ನು ಆಡಿಸಿ, ಕೊಕ್ಕೆಯ ಸ್ಪ್ಯಾನರ್ ಸಿಕ್ಕಿಸಿ, ಮೊದಲು ಬಿಗಿ ಕಡೆಗೆ ಒಂದು ಎಳೆ, ಅನಂತರ ಸಡಿಲಿನ ಕಡೆಗೆ ಎರಡು ಎಳೆ. ಸಣ್ಣದೊಂದು ಕಿರುಗುಟ್ಟಿತು, ಅಷ್ಟೇ. ಥ್ರೆಡ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಮೊದಲು ಸುತ್ತಲೂ ಬಿಸಿ ಯಾಕೆ, ಗೊತ್ತಾ?" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ. "ಹೊರಗಿನ ಬಳೆ ಮೊದಲು ಹಿಗ್ಗಬೇಕಲ್ಲ ಮೇಷ್ಟ್ರೇ. ನೀವೇ ತೋರಿಸಿದ್ರಿ, ಗುಂಡು, ಬಳೆ" ಎಂದ. ಅಂದು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಹೋಗಿದ್ದವನು ಅದನ್ನು ಹೇಗೆ ಆರಂಭಿಸುವುದೆಂದು ತಿಳಿಯದೆ ಕೂಲಿ ಎಷ್ಟೆಂದು ಕೇಳಿದೆ. ಆ ಕ್ಷಮೆಯನ್ನು ಇಲ್ಲಿ, ಅವನ ಸಹಪಾಠಿಗಳೆಲ್ಲ ಓದುವ ಜಾಗದಲ್ಲಿ, ಕೇಳುತ್ತಿದ್ದೇನೆ.

ಮರಳಿ ಹಾಕುವಾಗ ಥ್ರೆಡ್ಡಿಗೆ ತಾಮ್ರದ ಗ್ರೀಸನ್ನು ತೆಳುವಾಗಿ ಹಚ್ಚಿದ. ಮುಂದಿನ ಸಲ ಬಿಚ್ಚುವವನಿಗೆ ಕಷ್ಟವಾಗಬಾರದು ಎಂಬುದು ಅವನ ಮಾತು. ಅದಾದ ಮೇಲೆ ಮನೆಗೆ ಬಂದು ಹ್ಯಾಂಡಲ್ ಕ್ಲಾಂಪಿನ ನಾಲ್ಕೂ ಬೋಲ್ಟುಗಳನ್ನು ಸರಿಯಾದ ಸ್ಪ್ಯಾನರಿನಿಂದ ಮತ್ತೊಮ್ಮೆ ಪರೀಕ್ಷಿಸಿದೆ. ನೀವೂ ಈ ಭಾನುವಾರ ನಿಮ್ಮ ಗಾಡಿಯ ಬೋಲ್ಟಿನ ತಲೆಗಳನ್ನೊಮ್ಮೆ ನೋಡಿ. ಮೂಲೆ ಹೋದದ್ದು ಒಂದಾದರೂ ಇದ್ದರೆ ಇಂದೇ ಬದಲಿಸಿ. ಮೆಕ್ಯಾನಿಕ್ಕಿಗೆ ಮೂರು ದಿನ ಬೇಕೆಂದರೆ ಮೂರು ದಿನ ಕೊಡಿ, ಆ ಮೂರು ದಿನದ ಕೂಲಿಯನ್ನೂ ಕೊಡಿ. ಒಪ್ಪದಿದ್ದವರು ಬಂದು ವಾದಿಸಬಹುದು. ಅಳಿಯನಿಗಂತೂ ಮುಂದಿನ ಸಮಾರಂಭದಲ್ಲಿ ಪಾಠ ಕಾದಿದೆ.